ಮರಳಿ ಕರೆಸಲಾಗದ ಜೀವವನ್ನು ಕಳಿಸುವ ಹಕ್ಕು ಯಾರದು?

ನಕ್ಷತ್ರಗಳ ನಡುವಿನ ಕತ್ತಲಿಗೆ ಸೂಕ್ಷ್ಮಪ್ರಾಣಿಗಳನ್ನು ಕಳಿಸುವುದು ಸರಿಯೇ ಎಂದು ಗದಗ ತಾಲ್ಲೂಕಿನ ಹೊಂಬಳದಲ್ಲಿ ಕೇಳಿದರೆ ಬರುವ ಮೊದಲ ಉತ್ತರವನ್ನು ಊಹಿಸುವುದು ಕಷ್ಟವಲ್ಲ: ‘ಹೊಲದಾಗಿನ ಹುಳಕ್ಕ ಎಣ್ಣಿ ಹೊಡಿಯೋ ಮಂದಿ ನಾವು, ಆಕಾಶದಾಗಿನ ಹುಳದ ಚಿಂತಿ ನಮಗ್ಯಾಕ?’ ಒರಟು ಮಾತಾದರೂ ಅದರಲ್ಲಿ ಕಪಟವಿಲ್ಲ. ಆದರೆ ವಿಷಯ ಹೊಂಬಳಕ್ಕೆ ಅಷ್ಟೇನೂ ದೂರದ್ದಲ್ಲ. 2025ರ ಜೂನ್‌ನಲ್ಲಿ, ಇಲ್ಲಿಯ ಎರೆಹೊಲಗಳ ಹೆಸರು ಬಿತ್ತನೆಯ ಹಂಗಾಮಿನಲ್ಲೇ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸಿದ್ಧಪಡಿಸಿದ ಹೆಸರು, ಮೆಂತ್ಯೆ ಕಾಳುಗಳು ಗಗನಯಾತ್ರಿ ಶುಭಾಂಶು ಶುಕ್ಲಾ ಜತೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವು. ಅದೇ ಆಕ್ಸಿಯಂ-4 ಯಾನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಕ್ಕೆಂದು ಟಾರ್ಡಿಗ್ರೇಡ್‌ಗಳೂ ಹೋಗಿದ್ದವು.

ಟಾರ್ಡಿಗ್ರೇಡ್ ಎಂದರೆ ಎಂಟು ಕಾಲಿನ, ಅರ್ಧ ಮಿಲಿಮೀಟರ್ ಆಸುಪಾಸಿನ ನೀರುಕರಡಿ. ತೇವ ಆರಿದರೆ ಮುದುಡಿ, ಮೈಯ ನೀರನ್ನು ಬಹುಪಾಲು ಕಳೆದುಕೊಂಡು, ಬದುಕನ್ನೇ ತಡೆಹಿಡಿಯುತ್ತದೆ. ಅಂಟಾರ್ಕ್ಟಿಕಾದಿಂದ 1983ರಲ್ಲಿ ತಂದು ಹೆಪ್ಪುಗಟ್ಟಿಸಿಟ್ಟಿದ್ದವು 30 ವರ್ಷದ ಮೇಲೆ ಎದ್ದು ಮೊಟ್ಟೆಯಿಟ್ಟಿವೆ. 2007ರಲ್ಲಿ ಯುರೋಪಿನ ಪ್ರಯೋಗವೊಂದರಲ್ಲಿ ಬಯಲು ಅಂತರಿಕ್ಷದ ನಿರ್ವಾತಕ್ಕೆ ಒಡ್ಡಿದಾಗಲೂ ಕೆಲವು ಉಳಿದವು. ನಮ್ಮ ವಿಜ್ಞಾನ ಸಂಸ್ಥೆಯ ಆವರಣದ ಹಾವಸೆಗಟ್ಟಿದ ಗೋಡೆಯಲ್ಲೇ ಸಿಕ್ಕ ಒಂದು ತಳಿ, ಮಾರಕ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಚೆಲ್ಲುತ್ತದೆಂದು 2020ರಲ್ಲಿ ಗೊತ್ತಾಯಿತು. ಇಷ್ಟು ಗಟ್ಟಿ ಜೀವ ಎಂಬುದೇ ಅದಕ್ಕೆ ಮುಳುವಾಗಿದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದ ಫಿಲಿಪ್ ಲೂಬಿನ್, ಜೋಯೆಲ್ ರಾಥ್‌ಮನ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಯೋಜನೆ ಹೀಗಿದೆ. ಅಂಗೈಯಲ್ಲಿ ಹಿಡಿಸುವ ಬಿಲ್ಲೆಯಂಥ ನೌಕೆ. ಅದರ ಬೆನ್ನಿಗೆ ದೈತ್ಯ ಲೇಸರ್ ಕಿರಣದ ಒತ್ತು. ಬೆಳಕಿನ ಐದನೇ ಒಂದು ಭಾಗಕ್ಕೂ ಮೀರಿದ ವೇಗ. ಒಳಗೆ ಮಲಗಿಸಿದ ನೀರುಕರಡಿಗಳು ಮತ್ತು ಸೂಕ್ಷ್ಮ ದುಂಡುಹುಳಗಳು. ದಾರಿಯಲ್ಲಿ ಎಬ್ಬಿಸಿ, ಹೇಗೆ ಬದುಕುತ್ತವೆ, ಹೇಗೆ ಸಾಯುತ್ತವೆ ಎಂದು ನೋಡುವುದು. 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರಕ್ಕೆ ಸುಮಾರು 20 ವರ್ಷದ ಹಾದಿ. ಅಂಥ ನೌಕೆ ಇನ್ನೂ ಹಾರಿಲ್ಲ, ಹಾಗಾಗಿ ಜಗಳವಾಡಲು ಇದೇ ಸರಿಯಾದ ಹೊತ್ತು.

ವಿರೋಧಿಗಳಲ್ಲಿ ಹೆಚ್ಚಿನವರು ತಪ್ಪು ಜಾಗದಲ್ಲಿ ನಿಂತಿದ್ದಾರೆ. ಒಂದು ಗುಂಪು ಹುಳದ ನೋವಿಗೆ ಮರುಗುತ್ತದೆ. ಈ ಮರುಕವನ್ನು ನಾನು ಗೇಲಿ ಮಾಡುವುದಿಲ್ಲ. 1007ರಲ್ಲಿ ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ ಲಕ್ಕುಂಡಿ ಇದೇ ತಾಲ್ಲೂಕಿನದು, ಕಣ್ಣಿಗೆ ಕಾಣದ ಜೀವದ ಲೆಕ್ಕ ಇಡುವುದು ಈ ಮಣ್ಣಿಗೆ ಹೊಸತಲ್ಲ. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಮನುಷ್ಯನಲ್ಲದ ಯಾವುದೇ ಜೀವಿ ‘ಪ್ರಾಣಿ’ಯೇ. ಆದರೆ ಅದೇ ಕಾಯ್ದೆ ಜ್ಞಾನಕ್ಕಾಗಿ ಪ್ರಯೋಗವನ್ನು ಒಪ್ಪುತ್ತದೆ. ನೋವನ್ನೇ ಅಳತೆಗೋಲು ಮಾಡಿಕೊಂಡರೆ ಹೊಂಬಳದ ಆ ರೈತನ ಪ್ರಶ್ನೆಗೆ ಉತ್ತರವಿರದು.

ಇನ್ನೊಂದು ಗುಂಪು ಬೇರೆ ಗ್ರಹಗಳು ಮಲಿನವಾದಾವು ಎಂದು ಹೆದರಿಸುತ್ತದೆ. ಇದೂ ಸಡಿಲ ವಾದ. ಬೆಳಕಿನ ವೇಗದ ಐದನೇ ಒಂದು ಪಾಲಿನಲ್ಲಿ ಓಡುವ ಒಂದೇ ಗ್ರಾಂ ವಸ್ತು 400 ಟನ್‌ಗೂ ಹೆಚ್ಚು ಟಿಎನ್‌ಟಿಯ ಶಕ್ತಿ ಹೊತ್ತಿರುತ್ತದೆ. ಗ್ರಹವೊಂದಕ್ಕೆ ಬಡಿದರೆ ಹುಳ ಉಳಿಯುವುದಿಲ್ಲ, ಹಬೆಯಾಗುತ್ತದೆ.

ಹಾಗಾದರೆ ತಕರಾರು ಏನು? ಆಕ್ಸಿಯಂ-4ರ ಪ್ರಯೋಗ ನಡೆದದ್ದು ಮನುಷ್ಯರ ಕಣ್ಗಾವಲಿನಲ್ಲಿ, ಮುಚ್ಚಿದ ನಿಲ್ದಾಣದೊಳಗೆ. ಜುಲೈ 15ರಂದು ಯಾನವೂ ಭೂಮಿಗೆ ಮರಳಿತು. ತಪ್ಪಾಗಿದ್ದರೆ ನಿಲ್ಲಿಸಬಹುದಿತ್ತು. ಅದರ ಬಗ್ಗೆ ನನ್ನದೇನೂ ಆಕ್ಷೇಪವಿಲ್ಲ, ಹೆಮ್ಮೆಯೇ ಇದೆ. ನಕ್ಷತ್ರಯಾನದಲ್ಲಿ ಮಾತ್ರ ಕಳಿಸಿದ ಮೇಲೆ ತಿದ್ದುವ ದಾರಿಯೇ ಇಲ್ಲ. ತಿದ್ದಲಾಗದ ಕೆಲಸಕ್ಕೆ ಒಪ್ಪಿಗೆ ಕೊಟ್ಟವರು ಯಾರು?

ಗದಗ ಜಿಲ್ಲೆಯವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಕಪ್ಪತಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಪ್ರದೇಶದ ಪಟ್ಟ ಸಿಕ್ಕಿತು, 2016ರಲ್ಲಿ ಸರ್ಕಾರ ಅದನ್ನು ಕಿತ್ತುಕೊಂಡಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂಚೂಣಿಯಲ್ಲಿದ್ದ ಹೋರಾಟಕ್ಕೆ ಮಣಿದು 2017ರಲ್ಲಿ ಮತ್ತೆ ಕೊಟ್ಟಿತು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಗೆ ಬರಲಿದ್ದ ಪೋಸ್ಕೊ ಉಕ್ಕಿನ ಕಾರ್ಖಾನೆಯೂ 2011ರಲ್ಲಿ ನಿಂತದ್ದು ಜನ ಬೀದಿಗಿಳಿದ ಮೇಲೆಯೇ. ಕೇಳದೆ ಮಾಡಿದ್ದನ್ನು ಹಿಂದಕ್ಕೆ ಎಳೆಯಲು ಇಲ್ಲಿ ಹಗ್ಗವಿತ್ತು. ಪ್ರಾಕ್ಸಿಮಾದತ್ತ ಹೊರಟದ್ದಕ್ಕೆ ಧರಣಿ ಕೂರುವುದು ಎಲ್ಲಿ?

ಕೇಳದೇ ಕಳಿಸುವ ಚಾಳಿ ಈಗಾಗಲೇ ಶುರುವಾಗಿದೆ. 2019ರ ಏಪ್ರಿಲ್ 11ರಂದು ಚಂದ್ರನಿಗೆ ಅಪ್ಪಳಿಸಿದ ಇಸ್ರೇಲಿನ ಬೆರೆಶೀಟ್ ನೌಕೆಯಲ್ಲಿ ಸಾವಿರಾರು ಒಣಗಿಸಿದ ನೀರುಕರಡಿಗಳಿದ್ದವು. ಇಟ್ಟದ್ದು ಅಮೆರಿಕದ ಆರ್ಚ್ ಮಿಷನ್ ಎಂಬ ಖಾಸಗಿ ಪ್ರತಿಷ್ಠಾನ. ಲೋಕಕ್ಕೆ ತಿಳಿದದ್ದು ಆಗಸ್ಟ್‌ನಲ್ಲಿ. ಯಾರಿಗೂ ದಂಡವಿಲ್ಲ, ಯಾಕೆಂದರೆ ಮುರಿಯಲು ಸ್ಪಷ್ಟ ಕಾನೂನೇ ಇರಲಿಲ್ಲ! 1967ರ ಬಾಹ್ಯಾಕಾಶ ಒಪ್ಪಂದದ 9ನೇ ವಿಧಿ ‘ಹಾನಿಕರ ಮಾಲಿನ್ಯ’ ಬೇಡವೆನ್ನುತ್ತದೆ ಅಷ್ಟೇ. ಅಂತರರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಮಿತಿಯಾದ ಕೋಸ್ಪಾರ್‌ನ ಗ್ರಹರಕ್ಷಣೆಯ ನಿಯಮಗಳಿಗೆ ಕಾನೂನಿನ ಬಲವಿಲ್ಲ.

ಹುಳ ಹಬೆಯಾಗುತ್ತದಲ್ಲ, ಇಷ್ಟು ರಂಪ ಏಕೆ ಎನ್ನುವವರು ಫ್ರಾಂಕ್‌ಫರ್ಟ್‌ನ ಭೌತವಿಜ್ಞಾನಿ ಕ್ಲಾಡಿಯಸ್ ಗ್ರಾಸ್ 2016ರಲ್ಲಿ ಬರೆದ ‘ಜೆನೆಸಿಸ್’ ಯೋಜನೆಯನ್ನು ಗಮನಿಸಲಿ. ಅಲ್ಲಿ ನೌಕೆ ಕಾಂತೀಯ ಹಾಯಿ ಬಿಚ್ಚಿ ವೇಗ ತಗ್ಗಿಸುತ್ತದೆ, ದೂರದ ಗ್ರಹದಲ್ಲಿ ಬೇಕೆಂದೇ ಸೂಕ್ಷ್ಮಜೀವಿಗಳನ್ನು ಬಿತ್ತುತ್ತದೆ. ಮೊದಲ ಹೆಜ್ಜೆಗೆ ಅನುಮತಿ ಕೇಳದವರು ಎರಡನೆಯದಕ್ಕೆ ಕೇಳುತ್ತಾರೆಯೇ? ಬಿತ್ತನೆಯೆಂದರೆ ಏನೆಂದು ಎರೆಭೂಮಿಯವರಿಗೆ ಹೇಳಿಕೊಡಬೇಕಿಲ್ಲ. ಯಾರ ಹೊಲ ಎಂಬುದು ಅಲ್ಲಿ ಮೊದಲ ಪ್ರಶ್ನೆ.

ವಿಕಿರಣ, ವೇಗೋತ್ಕರ್ಷ, ದೀರ್ಘನಿದ್ರೆ ಇವುಗಳ ಬಗ್ಗೆ ಕಲಿಯಬೇಕಾದದ್ದನ್ನು ಪ್ರಯೋಗಾಲಯದಲ್ಲಿ, ಕಕ್ಷೆಯಲ್ಲಿ, ಚಂದ್ರನಾಚೆ ಕಲಿಯಬಹುದು. 2022ರಲ್ಲಿ ನಾಸಾದ ಬಯೋಸೆಂಟಿನಲ್ ಯೀಸ್ಟ್ ಹೊತ್ತು ಆ ದಾರಿಯಲ್ಲೇ ಹೋಯಿತು. ಅದೆಲ್ಲ ಮುಗಿಯುವವರೆಗೆ ನಕ್ಷತ್ರಯಾನದ ಬಿಲ್ಲೆಯಲ್ಲಿ ಕ್ಯಾಮೆರಾ ಇರಲಿ, ಜೀವ ಬೇಡ.

ಭಾರತ ಕೈಕಟ್ಟಿ ಕೂರಬೇಕಿಲ್ಲ. ಬಾಹ್ಯಾಕಾಶ ಚಟುವಟಿಕೆಗಳ ಕರಡು ಮಸೂದೆ 2017ರಲ್ಲೇ ಸಾರ್ವಜನಿಕರ ಮುಂದೆ ಬಂದಿತ್ತು, ಇನ್ನೂ ಕಾಯ್ದೆಯಾಗಿಲ್ಲ. ಈ ನಡುವೆ 2023ರ ಬಾಹ್ಯಾಕಾಶ ನೀತಿ ಖಾಸಗಿಯವರಿಗೆ ಬಾಗಿಲು ತೆರೆದಿದೆ. ಮಸೂದೆ ಮತ್ತೆ ಬಂದಾಗ ಅದರಲ್ಲಿ ಒಂದು ಕಲಮು ಸೇರಲಿ: ಮರಳಿ ತರಲಾಗದ ಯಾನದಲ್ಲಿ ಯಾವ ಜೀವಿಯನ್ನೂ, ಎಷ್ಟೇ ಚಿಕ್ಕದಿರಲಿ, ಬಹಿರಂಗ ವಿಚಾರಣೆಯಿಲ್ಲದೆ ಕಳಿಸುವಂತಿಲ್ಲ. ಆ ವಿಚಾರಣೆ ಬೆಂಗಳೂರು, ದೆಹಲಿಗಷ್ಟೇ ಸೀಮಿತವಾಗದೆ ಗದಗಿನಲ್ಲೂ ನಡೆಯಲಿ. ಹೊಂಬಳದ ಆ ‘ನಮಗ್ಯಾಕ?’ ಎಂಬ ಮಾತೂ ದಾಖಲಾಗಲಿ, ವಿಜ್ಞಾನಿಗಳು ಅದಕ್ಕೆ ಕನ್ನಡದಲ್ಲೇ ಉತ್ತರ ಕೊಡಲಿ.