ಗುಣಿಸಿದ್ದು ಸಾಕು, ಕಳೆದು ನೋಡೋಣ

ನಮ್ಮ ಊರಿನ ಹೊರಗಿರುವ ಚಿಲ್ಕೂರು ಬಾಲಾಜಿಯ ಗುಡಿಗೆ ಹೋದವರೆಲ್ಲ ಕಂಡಿರುವ ನೋಟವಿದು. ವೀಸಾ ಬೇಡಿಕೊಳ್ಳುವವರು 11 ಪ್ರದಕ್ಷಿಣೆ ಹಾಕುತ್ತಾರೆ. ಕೈಗೂಡಿದವರು ಮರಳಿ ಬಂದು 108 ಹಾಕುತ್ತಾರೆ. ಹಾಗೆ ಸುತ್ತುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಕೈಯಲ್ಲಿ ಚೀಟಿ ಹಿಡಿದು ಸುತ್ತು ಎಣಿಸುವ ನಾವೂ ಇದ್ದೇವೆ. ದೇವರ ಸುತ್ತನ್ನು ಇಷ್ಟು ಜಾಗರೂಕತೆಯಿಂದ ಎಣಿಸುವ ನಾವು, ಹೋಗುವ ಊರಿನ ಖರ್ಚನ್ನು ಮಾತ್ರ ಎಣಿಸುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲಿಯೇ.

ಮದುವೆಯ ಪಂಕ್ತಿಯಲ್ಲಿ, ರಾಜ್ಯೋತ್ಸವದ ಸಭೆಯಲ್ಲಿ, ಸಂಜೆಯ ಹರಟೆಯಲ್ಲಿ, ಎಲ್ಲೆಲ್ಲಿಯೂ ಒಂದೇ ಪ್ರಶ್ನೆ: "ಹುಡುಗನಿಗೆ ಎಷ್ಟು ಬರುತ್ತದೆ?" ಉತ್ತರ ಡಾಲರಿನಲ್ಲಿ ಬರುತ್ತದೆ. ಮರುಕ್ಷಣವೇ ನಮ್ಮ ತಲೆಯೊಳಗೆ ಗುಣಾಕಾರ ನಡೆದು ಲಕ್ಷಗಳು ಉದುರುತ್ತವೆ. ಕೇಳಿದವರು ಹುಬ್ಬೇರಿಸುತ್ತಾರೆ, ಹೇಳಿದವರು ಉಬ್ಬುತ್ತಾರೆ. ಆ ಡಾಲರು ಖರ್ಚಾಗುವುದೂ ಡಾಲರಿನಲ್ಲಿಯೇ ಎಂಬುದು ಯಾರಿಗೂ ನೆನಪಾಗುವುದಿಲ್ಲ.

ನಮ್ಮ ಹಿರಿಯರಿಗೆ ಈ ತಪ್ಪು ಆಗುತ್ತಿರಲಿಲ್ಲ. ಬೀದರ, ಕಲಬುರ್ಗಿ, ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಇಲ್ಲಿ ಓಡುತ್ತಿದ್ದುದು ಹಾಲಿ ಸಿಕ್ಕಾ, ಬ್ರಿಟಿಷ್ ಸೀಮೆಯಲ್ಲಿ ಓಡುತ್ತಿದ್ದುದು ಕಲ್ದಾರ್. ಹೆಚ್ಚುಕಡಿಮೆ 7 ಹಾಲಿ ರೂಪಾಯಿಗೆ 6 ಕಲ್ದಾರ್ ರೂಪಾಯಿ. ಸೊಲ್ಲಾಪುರದ ಪೇಟೆಗೆ ಹೋಗಿ ಬರುವ ವ್ಯಾಪಾರಿಗೆ ಈ ಲೆಕ್ಕ ಬಾಯಿಪಾಠವಾಗಿರಲೇಬೇಕಿತ್ತು. ಕಲ್ದಾರಿನಲ್ಲಿ ಗಳಿಸಿ ಕಲ್ದಾರಿನಲ್ಲೇ ಉಣ್ಣುವವನು ಹಾಲಿಯ ಲೆಕ್ಕ ಹೇಳಿ ಬೀಗಿದರೆ ಅವನನ್ನು ನೋಡಿ ನಗುತ್ತಿದ್ದರು. ಯಾವ ನಾಣ್ಯದಲ್ಲಿ ಗಳಿಕೆಯೋ ಅದೇ ನಾಣ್ಯದಲ್ಲಿ ಖರ್ಚು ಬರೆ, ಉಳಿದದ್ದನ್ನು ಮಾತ್ರ ನಮ್ಮ ನಾಣ್ಯಕ್ಕೆ ತಿರುಗಿಸು. ಅವರ ಜಮಾಖರ್ಚಿನ ನೀತಿ ಇಷ್ಟೇ. ಹಾಲಿ ಸಿಕ್ಕಾ 1950ರ ದಶಕದಲ್ಲಿ ಚಲಾವಣೆಯಿಂದ ಹೋಯಿತು. ಅದರ ಸಂಗಡ ಈ ವಿವೇಕವೂ ಹೋಯಿತೆಂದು ತೋರುತ್ತದೆ.

ಒಂದು ಮಾದರಿ ಲೆಕ್ಕ ಹಾಕೋಣ. ಗಂಡ, ಹೆಂಡತಿ, ಒಂದು ಕೂಸು. ಅಮೆರಿಕದ ದೊಡ್ಡ ನಗರವೊಂದರ ಆಸುಪಾಸಿನಲ್ಲಿ ವಾಸ. ಒಬ್ಬರೇ ದುಡಿಯುವವರು ಎಂದಾಗಲೂ ಕೂಸನ್ನು ಶಿಶುವಿಹಾರಕ್ಕೆ ಬಿಡಬೇಕಾದ ಪರಿಸ್ಥಿತಿ. ಸಂಬಳ ವರ್ಷಕ್ಕೆ 90,000 ಡಾಲರ್ ಎಂದಿಟ್ಟುಕೊಳ್ಳಿ. ಡಾಲರಿಗೆ 90 ರೂಪಾಯಿ ಹಿಡಿದರೆ 81 ಲಕ್ಷ! ಇಲ್ಲಿಗೆ ನಮ್ಮ ಗುಣಾಕಾರ ಮುಗಿಯಿತು. ಈಗ ಕಳೆಯೋಣ. ತೆರಿಗೆಗಳೆಲ್ಲ ಸೇರಿ 17,000, ಬಾಡಿಗೆ ತಿಂಗಳಿಗೆ 2,500ರಂತೆ 30,000, ಶಿಶುವಿಹಾರ 18,000, ಊಟ ತಿಂಡಿ 9,000, ಕಾರು, ಪೆಟ್ರೋಲು, ಅದರ ವಿಮೆ 8,000, ಆರೋಗ್ಯ ವಿಮೆ ಮತ್ತು ಔಷಧ 5,000. ಒಟ್ಟು 87,000. ಉಳಿದದ್ದು 3,000 ಡಾಲರ್, ಅಂದರೆ 2 ಲಕ್ಷ 70 ಸಾವಿರ ರೂಪಾಯಿ. ಓದಿಗಾಗಿ ಇಲ್ಲಿ ಮಾಡಿದ 30 ಲಕ್ಷದ ಸಾಲವನ್ನು ಶೇಕಡಾ 11ರ ಬಡ್ಡಿಯಲ್ಲಿ 10 ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು 41,000ಕ್ಕೂ ಮೇಲೆ, ವರ್ಷಕ್ಕೆ ಸುಮಾರು 5 ಲಕ್ಷ. 81 ಲಕ್ಷದ ಮನೆಯಲ್ಲಿ ಕಂತಿಗೇ ಹಣ ಸಾಲದು! ಊರು ಬದಲಾದರೆ ಅಂಕಿಗಳು ಬದಲಾದಾವು, ಇಬ್ಬರೂ ದುಡಿದರೆ ಚಿತ್ರವೇ ಬೇರೆಯಾದೀತು. ಆದರೆ ಲೆಕ್ಕ ಹಾಕುವ ಕ್ರಮ ಇದೇ, ಬೇರೆಯಿಲ್ಲ.

"ಇಬ್ಬರೂ ದುಡಿಯುತ್ತಾರೆ ಬಿಡಿ" ಎನ್ನುವವರು ನಿಯಮ ಓದಬೇಕು. ಎಚ್-1ಬಿ ನೌಕರರ ಸಂಗಾತಿಗೆ ಕೆಲಸದ ಅನುಮತಿ ತಾನಾಗಿ ಬರುವುದಿಲ್ಲ. 2015ರಿಂದ ಕೆಲವರಿಗಷ್ಟೇ, ಅದೂ ಹಸಿರು ಕಾರ್ಡಿನ ಹಾದಿಯಲ್ಲಿ ಒಂದು ಹಂತ ದಾಟಿದ ಮೇಲೆ, ಸಿಗುತ್ತಿದೆ. ಆ ಕಾರ್ಡಿಗೋ, ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ಭಾರತದವರ ಸಾಲು ದಶಕಗಳಷ್ಟು ಉದ್ದ. ಕೆಲಸ ಹೋದರೆ ಇನ್ನೊಂದು ಹುಡುಕಲು ಸಾಮಾನ್ಯವಾಗಿ 60 ದಿನ. 2025ರ ಸೆಪ್ಟೆಂಬರಿನಲ್ಲಿ ಹೊರಗಿನಿಂದ ಕರೆಸಿಕೊಳ್ಳುವ ಹೊಸ ಎಚ್-1ಬಿ ನೌಕರರ ಮೇಲೆ 1,00,000 ಡಾಲರ್ ಶುಲ್ಕ ಘೋಷಿಸಲು ಅಲ್ಲಿನ ಅಧ್ಯಕ್ಷರಿಗೆ ಒಂದು ಸಹಿ ಸಾಕಾಯಿತು. ಇಂಥ ನೆಲದ ಮೇಲೆ ಹತ್ತು ವರ್ಷದ ಸಾಲ ಎಬ್ಬಿಸುತ್ತಿದ್ದೇವೆ. ಮೇಲಾಗಿ, ಎಚ್-1ಬಿ ಸಂಬಳದಿಂದ ಅಲ್ಲಿನ ಸಾಮಾಜಿಕ ಭದ್ರತೆಗೆ ಶೇಕಡಾ 6.2 ಮುರಿಯುತ್ತಾರೆ, ಸುಮಾರು ಹತ್ತು ವರ್ಷದ ದುಡಿಮೆ ತುಂಬದೆ ಹಿಂದಿರುಗಿದವರಿಗೆ ಅದರ ಪಿಂಚಣಿಯಿಲ್ಲ.

ಬೇರೆ ದೇಶಗಳು ಅಗ್ಗವೆಂದು ಭ್ರಮಿಸುವುದೂ ಬೇಡ. ಬ್ರಿಟನ್ನಿನಲ್ಲಿ ವೈದ್ಯಸೇವೆ ಉಚಿತವೆನ್ನುತ್ತಾರೆ. 2024ರ ಫೆಬ್ರವರಿಯಿಂದ ಹೊರಗಿನವರು ಆ ಸೇವೆಗಾಗಿ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಕಟ್ಟಬೇಕಾಗಿದೆ. ಅದೂ ವೀಸಾದ ಪೂರ್ತಿ ಅವಧಿಗೆ ಮುಂಗಡವಾಗಿ. ನಾಲ್ವರ ಸಂಸಾರ ಮೂರು ವರ್ಷಕ್ಕೆ ಹೊರಟರೆ, ಕಂಪೆನಿ ಕೊಡದಿದ್ದಲ್ಲಿ, 10,866 ಪೌಂಡ್ ವಿಮಾನ ಹತ್ತುವ ಮೊದಲೇ ಹೋಯಿತು. ದುಬೈಯಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ, ನಿಜ. ಆದರೆ ಬಾಡಿಗೆಗೆ ವರ್ಷದ ಚೆಕ್ಕುಗಳನ್ನು ಮೊದಲೇ ಬರೆದುಕೊಡುವುದು ಅಲ್ಲಿಯ ರೂಢಿ. ಮಕ್ಕಳ ಶಾಲೆಯ ಶುಲ್ಕ ಕೈಯಿಂದ. ಕೊನೆಗೆ ಸಿಗುವ ಗ್ರಾಚ್ಯುಯಿಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲವೇತನ. ಮೂಲವೇತನವನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ದೊಡ್ಡದು ಮಾಡಿದ ಕಾಗದಕ್ಕೆ ಸಹಿ ಹಾಕಿದವನು ಹೊರಡುವ ದಿನ ಕೈಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಅಂಗಡಿಯ ದರಪಟ್ಟಿಯಲ್ಲಿ ಕಾಣದ ದುಬಾರಿಯೂ ಒಂದಿದೆ. ಇಲ್ಲಿ ನಮ್ಮ ಖರ್ಚಿನ ಪುಸ್ತಕಕ್ಕೇ ಏರದ ಎಷ್ಟೋ ಉಪಕಾರಗಳು ಅಲ್ಲಿ ಬೆಲೆಯಾಗಿ ನಿಲ್ಲುತ್ತವೆ. ಇಲ್ಲಿ ಕೂಸನ್ನು ಅಜ್ಜಿ ನೋಡಿಕೊಳ್ಳುತ್ತಾಳೆ. ಜ್ವರ ಬಂದರೆ ಪಕ್ಕದ ಮನೆಯ ಅಕ್ಕ ಗಂಜಿ ತರುತ್ತಾಳೆ. ಬಾಣಂತನವನ್ನು ತವರು ನೋಡಿಕೊಳ್ಳುತ್ತದೆ. ನಡುರಾತ್ರಿ ಆಸ್ಪತ್ರೆಗೆ ಹೋಗಲು ಮೇಲ್ಮನೆಯ ಹುಡುಗ ಗಾಡಿ ತೆಗೆಯುತ್ತಾನೆ. ಅಲ್ಲಿ ಇವೆಲ್ಲಕ್ಕೂ ಗಂಟೆಯ ಲೆಕ್ಕದಲ್ಲಿ ದರವಿದೆ. ಅಜ್ಜಿಯನ್ನೇ ಕರೆಸಿಕೊಂಡರೆ ಆಕೆಯ ಟಿಕೆಟ್ಟು, ಆಕೆಯ ವಿಮೆ. ಆರು ತಿಂಗಳಾದ ಮೇಲೆ ಮತ್ತೊಬ್ಬ ಅಜ್ಜಿ. ಇತ್ತ ಕಾಚಿಗುಡದ ಮನೆಯಲ್ಲಿ ಅಜ್ಜ ಒಬ್ಬನೇ ಮಾತ್ರೆಯ ಡಬ್ಬಿ ಹಿಡಿದು ಕೂತಿರುತ್ತಾನೆ. ಈ ಖರ್ಚನ್ನು ಯಾರ ಹೆಸರಿನಲ್ಲಿ ಬರೆಯೋಣ?

ನಮ್ಮ ಬಳಗದ ಮನೆಯೊಂದರ ಮಾತು. ಮಗನ ಓದಿಗಾಗಿ ನಿವೃತ್ತ ತಂದೆ ಮನೆಯ ಕಾಗದ ಅಡವಿಟ್ಟರು. ಮಗನಿಗೆ ಕೆಲಸ ಸಿಕ್ಕಿತು, ಸಂಘದ ವೇದಿಕೆಯಲ್ಲಿ ತಂದೆಗೆ ಶಾಲು ಹೊದಿಸಿದೆವು. ಎರಡನೆಯ ವರ್ಷ ಕೆಲಸ ಹೋಯಿತು. ಕಂತು ನಿಲ್ಲಬಾರದೆಂದು ಆ ಹಿರಿಯರು ಪಿಂಚಣಿಯಿಂದ ಕಟ್ಟುತ್ತಾ, ತಮ್ಮ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾ ಬಂದರು. ಮಗನಿಗೆ ಇದು ತಿಳಿದಿರಲಿಲ್ಲ. ಮಗ ಒಂದೇ ಹೊತ್ತು ಉಂಡು ದಿನ ತಳ್ಳುತ್ತಿದ್ದುದು ತಂದೆಗೆ ತಿಳಿದಿರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಇಬ್ಬರೂ "ಎಲ್ಲ ಆರಾಮ" ಎನ್ನುತ್ತಿದ್ದರು. ಈ ಸುಳ್ಳನ್ನು ಹೇಳಿಸಿದವರು ಯಾರು? ಶಾಲು ಹೊದಿಸಿದ ನಾವೇ. ಬರಿಗೈಯಲ್ಲಿ ಹಿಂದಿರುಗಿದರೆ ಮುಖ ತೋರಿಸಲಾಗದು ಎಂಬ ಹೆದರಿಕೆಯನ್ನು ಹುಟ್ಟಿಸಿದ್ದು ನಮ್ಮ ಚಪ್ಪಾಳೆ.

"ನೀವೇ ಊರು ಬಿಟ್ಟು ಬಂದವರು, ಮಕ್ಕಳಿಗೆ ಬೇಡವೆನ್ನಲು ನಿಮಗೇನು ಹಕ್ಕು?" ಎಂದು ಕೇಳುವವರಿದ್ದಾರೆ. ಬೇಡವೆಂದು ನಾವು ಹೇಳುತ್ತಲೇ ಇಲ್ಲ. ನಮ್ಮ ತಾತಂದಿರೂ ಅಗ್ಗದ ಊರು ಬಿಟ್ಟು ದುಬಾರಿಯ ಹೈದರಾಬಾದಿಗೆ ಬಂದವರೇ. ಆದರೆ ಅವರ ಬೆನ್ನ ಹಿಂದೆ ಊರಿನಿಂದ ಜೋಳದ ಚೀಲ ಬರುತ್ತಿತ್ತು. ಸೋತರೆ ಒಂದು ರಾತ್ರಿಯ ರೈಲಿನಲ್ಲಿ ಮರಳಬಹುದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಿದರು. ಇಂದು ಹಾಸಿಗೆಯೇ ಸಾಲದ್ದು, ಕಾಲು ಮಾತ್ರ ಸಾಗರದಾಚೆ.

ಹೋಗುವವರು ಹೋಗಲಿ, ಆದರೆ ಐದು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದು ಹೋಗಲಿ. ತೆರಿಗೆ, ಬಾಡಿಗೆ, ವಿಮೆ ಕಳೆದು ಆ ನಾಣ್ಯದಲ್ಲಿ ಉಳಿಯುವುದೆಷ್ಟು? ಆರು ತಿಂಗಳು ಕೆಲಸವಿಲ್ಲದಿದ್ದರೆ ಕಂತು ಕಟ್ಟುವವರು ಯಾರು? ಸಂಗಾತಿಗೆ ದುಡಿಯುವ ಅನುಮತಿ ಇದೆಯೇ? ತಂದೆತಾಯಿ ಹಾಸಿಗೆ ಹಿಡಿದರೆ ಬರುವವರು ಯಾರು, ಆ ಟಿಕೆಟ್ಟಿನ ಹಣ ಎಲ್ಲಿದೆ? ಹಿಂದಿರುಗಬೇಕಾಗಿ ಬಂದರೆ ತಲೆಯ ಮೇಲೆ ಸೂರು ಉಳಿದಿರುತ್ತದೆಯೇ? ಕೊನೆಯ ಪ್ರಶ್ನೆಗೆ ಹೌದೆಂದು ಬರೆಯಲಾಗದಿದ್ದರೆ, ತಾಯಿತಂದೆಯರೇ, ಮನೆಯ ಕಾಗದವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಡಿ.

ಪ್ರತಿ ಆಷಾಢ ಶ್ರಾವಣಗಳಲ್ಲಿ ಶಂಷಾಬಾದಿನ ವಿಮಾನ ನಿಲ್ದಾಣದಲ್ಲಿ ಕಣ್ಣೊರೆಸಿಕೊಳ್ಳುವ ಕುಟುಂಬಗಳು ತುಂಬಿರುತ್ತವೆ. ಅದಕ್ಕೆ ಮೊದಲು, ಯುಗಾದಿಯ ಆಸುಪಾಸಿನಲ್ಲಿ, ಸಾಲದ ಅರ್ಜಿ ಬರೆಯುವ ಹೊತ್ತಿಗೆ, ನಮ್ಮ ಸಂಘ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ಹೋಗಿ ಗೆದ್ದವರೂ ಬರಲಿ, ಸೋತು ಬಂದವರೂ ಬರಲಿ. ಇಬ್ಬರೂ ತಮ್ಮ ಜಮಾಖರ್ಚಿನ ಪುಸ್ತಕ ಬಿಚ್ಚಿ ತೋರಿಸಲಿ. ಆ ದಿನ ಶಾಲು ಹೊದಿಸುವುದಾದರೆ ಮೊದಲನೆಯದನ್ನು ಹಿಂದಿರುಗಿ ಬಂದವರಿಗೆ ಹೊದಿಸೋಣ.