ಕನ್ನಡಕ್ಕೆ ಕಾಲಂ ಎಲ್ಲಿದೆ ಸ್ವಾಮಿ?

ಕನ್ನಡದ ಯುವ ಗೆಳೆಯರೇ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೂತು ಶಾಲೆಗಳಿಗೆ ಡೇಟಾಬೇಸ್ ಕಟ್ಟಿಕೊಡುವವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಈ ಮಾತು ನಿಮಗೇ.

1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದರು, ನಾಡಿಗೆ ನಾಡೇ ಎದ್ದು ನಿಂತಿತು. ಯಾತಕ್ಕಾಗಿ? ಶಾಲೆಯಲ್ಲಿ ಪ್ರಥಮ ಭಾಷೆ ಯಾವುದು ಎಂಬ ಪ್ರಶ್ನೆಗಾಗಿ. ಆ ಪ್ರಶ್ನೆ ಇವತ್ತು ಬಂದು ಕೂತಿರುವುದು ನೀವು ಬರೆಯುವ ಕೋಷ್ಟಕದ ಒಂದು ಕಾಲಂನಲ್ಲಿ!

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಏನು ಹೇಳುತ್ತದೆ? ಸಿಬಿಎಸ್‌ಇ, ಐಸಿಎಸ್‌ಇ ಎನ್ನದೆ ರಾಜ್ಯದ ಎಲ್ಲ ಶಾಲೆಗಳೂ ಕನ್ನಡವನ್ನು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಕಲಿಸುತ್ತಿದ್ದಾರೋ ಇಲ್ಲವೋ ಗೊತ್ತಾಗುವುದು ಹೇಗೆ? ಶಾಲೆಯ ಕಂಪ್ಯೂಟರಿನಲ್ಲಿ ‘ಕನ್ನಡ: ಇದೆ / ಇಲ್ಲ’ ಎಂಬ ಒಂದೇ ಕಾಲಂ ಇದ್ದರೆ, ವಾರಕ್ಕೊಂದು ಪೀರಿಯಡ್ ಅಕ್ಷರ ತಿದ್ದಿಸಿ ಮೂರನೇ ಭಾಷೆಯೆಂದು ಕೈತೊಳೆದುಕೊಂಡ ಶಾಲೆಯೂ ‘ಇದೆ’ ಎಂದೇ ಟಿಕ್ ಹಾಕುತ್ತದೆ. ಇನ್‌ಸ್ಪೆಕ್ಟರ್ ಬಂದರೂ ಅದನ್ನೇ ನೋಡಿ ಕಾಫಿ ಕುಡಿದು ಹೋಗಬೇಕು. ಹಾಗಾಗಿ ಕನ್ನಡವನ್ನು ಹೌದು-ಅಲ್ಲ ಮಾಡಬೇಡಿ. ಯಾವ ವಿದ್ಯಾರ್ಥಿ, ಯಾವ ವರ್ಷ, ಯಾವ ಭಾಷೆ, ಆ ಭಾಷೆಗೆ ಯಾವ ಸ್ಥಾನ – ಈ ನಾಲ್ಕೂ ಸೇರಿ ಪ್ರತ್ಯೇಕ ಕೋಷ್ಟಕದ ಒಂದು ಸಾಲಾಗಲಿ. ಆಗ ಮೂರನೇ ಸ್ಥಾನಕ್ಕೆ ತಳ್ಳಿದವರ ಪಟ್ಟಿ ಒಂದೇ ಕ್ವೆರಿಗೆ ಹೊರಬೀಳುತ್ತದೆ.

ಮಾಧ್ಯಮದ ಕಥೆಯೂ ಇದೇ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಸರ್ಕಾರವೇ ಹೊರಟಿತು. ಒಂದೇ ಸೂರಿನಡಿ ಎರಡು ಮಾಧ್ಯಮ! ಮಾಧ್ಯಮವನ್ನು ಶಾಲೆಯ ಹೆಸರಿನ ಮುಂದೆ ಬರೆದಿಟ್ಟರೆ ಅರ್ಧ ಮಕ್ಕಳು ಲೆಕ್ಕದಿಂದಲೇ ಮಾಯ. ಅದು ಇರಬೇಕಾದದ್ದು ತರಗತಿಯ ವಿಭಾಗದ ಮುಂದೆ. ‘ಕನ್ನಡ ಮಾಧ್ಯಮಕ್ಕೆ ಮಕ್ಕಳೇ ಬರುತ್ತಿಲ್ಲ’ ಎಂದು ನಾಳೆ ಬೀಗ ಜಡಿಯುವವರು ತೋರಿಸುವುದು ಇಂಥ ಲೆಕ್ಕವನ್ನೇ. ಮನೆಮಾತಿಗೆ ಬೇರೆಯೇ ಕಾಲಂ ಇರಲಿ. ಮನೆಯಲ್ಲಿ ತುಳು, ಕೊಡವ, ಉರ್ದು ಆಡುವ ಮಗು ಕನ್ನಡ ಶಾಲೆಗೆ ಬಂದರೆ ಅದು ನಮ್ಮ ಹೆಮ್ಮೆ. ಆ ಮಾತನ್ನು ಅಳಿಸುವ ಹಕ್ಕು ನಮಗಿಲ್ಲ.

ಇನ್ನು ಹೆಸರು. ‘ಫಸ್ಟ್ ನೇಮ್, ಲಾಸ್ಟ್ ನೇಮ್’ ಎಂಬ ಪರದೇಶಿ ಅಚ್ಚಿಗೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರನ್ನು ಸುರಿದು ನೋಡಿ. ಫಸ್ಟ್ ನೇಮ್ ಜಾಗದಲ್ಲಿ ಊರು ಬಂದು ಕೂರುತ್ತದೆ! ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಿಗೆ ಮಾತ್ರ ಸರಿಹೋಗುತ್ತದೆ. ಧಾರವಾಡದ ಕ್ರಮ ಒಂದು, ಮಲೆನಾಡಿನದು ಇನ್ನೊಂದು, ಎರಡೂ ನಮ್ಮವೇ. ಪೂರ್ತಿ ಹೆಸರಿಗೆ ಒಂದೇ ಕಾಲಂ ಕೊಡಿ, ಕನ್ನಡ ಲಿಪಿಯಲ್ಲಿ. ಇಂಗ್ಲಿಷ್ ಬೇಕಾದರೆ ಪಕ್ಕದಲ್ಲಿರಲಿ.

‘ಸಿಸ್ಟಮ್ ಕನ್ನಡ ತಗೊಳಲ್ಲ’ ಎನ್ನುವ ಮ್ಯಾನೇಜರ್ ಸಿಕ್ಕರೆ ಹೇಳಿ: ಕನ್ನಡ ಲಿಪಿ ಯೂನಿಕೋಡ್ ಸೇರಿದ್ದು 1991ರಲ್ಲಿ.