ಮೊದಲು ಗೇಜು, ಆಮೇಲೆ ಪಾನಾ



ಸಾಂಬಾರಿನ ರುಚಿ ಕೆಟ್ಟರೆ ಅಡಿಗೆಯವನು ಏನು ಮಾಡುತ್ತಾನೆ? ಸೌಟಿನಲ್ಲಿ ತುಸು ತೆಗೆದು ನಾಲಿಗೆಗೆ ಹಚ್ಚಿ ನೋಡುತ್ತಾನೆ. ಉಪ್ಪೋ ಹುಳಿಯೋ ಎಂದು ತಿಳಿದ ಮೇಲೆ ಕೈ ಹಾಕುತ್ತಾನೆ. ನೋಡದೆ ಹಂಡೆಯನ್ನೇ ಬದಲಿಸುವ ಅಡಿಗೆಯವನನ್ನು ನಾವಾರೂ ಕಂಡಿಲ್ಲ. ಆದರೆ ನಮ್ಮವರ ಹಳೆಯ ಗಾಡಿಗಳು ಗ್ಯಾರೇಜಿಗೆ ಹೋದಾಗ ನಡೆಯುವುದು ಇದೇ ಹಂಡೆ ಬದಲಿಸುವ ಕೆಲಸ!

ಮುಂಬಯಿಯ ಹೊಟೇಲೊಂದರಲ್ಲಿ ನನ್ನ ಜತೆ ಬಟ್ಟಲು ತೊಳೆದ ಗೆಳೆಯನೊಬ್ಬ ಸಾಲ ಮಾಡಿ ಇಪ್ಪತ್ತು ವರ್ಷ ಹಳೆಯ ಪೆಟ್ರೋಲ್ ವ್ಯಾನು ಕೊಂಡ. ಕಾರ್ಬ್ಯುರೇಟರಿನದಲ್ಲ, ಇಂಜೆಕ್ಷನ್ ಗಾಡಿ. ಬೆಳಿಗ್ಗೆ ಐದಕ್ಕೆ ಇಡ್ಲಿ ಡಬ್ಬ ತುಂಬಿಕೊಂಡು ಕ್ಯಾಂಟೀನುಗಳಿಗೆ ಮುಟ್ಟಿಸುವುದು ಅವನ ಹೊಟ್ಟೆಪಾಡು. ಗಾಡಿಗೆ ಒಂದು ರೋಗ ಹಿಡಿಯಿತು. ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಏಳದು. ಒಮ್ಮೆ ಎದ್ದರೆ ದಿನವಿಡೀ ಓಡುವುದು. ಗ್ಯಾರೇಜಿನಲ್ಲಿ ಬಾನೆಟ್ಟು ಎತ್ತುವ ಮೊದಲೇ "ಪಂಪು ಹೋಗಿದೆ" ಎಂದರು. ಹೊಸ ಪಂಪು ಬಿತ್ತು. ಒಂದೂವರೆ ತಿಂಗಳ ಸಂಪಾದನೆ ಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಳು! "ಹಾಗಾದರೆ ಇಂಜೆಕ್ಟರುಗಳನ್ನು ಬದಲಿಸೋಣ" ಎಂದರು. ಇದು ರಿಪೇರಿಯೋ, ಮಟಕಾವೋ?

ಈ ಯಂತ್ರದಲ್ಲಿ ಮಂತ್ರವೇನೂ ಇಲ್ಲ. ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಫಿಲ್ಟರಿನ ಮೂಲಕ ಎಂಜಿನ್ ಬಳಿಯ ಕೊಳವೆಗೆ ತಳ್ಳುತ್ತದೆ. ಅಲ್ಲಿಂದ ಇಂಜೆಕ್ಟರುಗಳು ಸಿಂಪಡಿಸುತ್ತವೆ. ಒತ್ತಡ ಮಿತಿ ಮೀರದಂತೆ ಕಾಯುವುದು ರೆಗ್ಯುಲೇಟರು. ಹೆಚ್ಚಾದ ಪೆಟ್ರೋಲನ್ನು ಅದು ವಾಪಸು ಕೊಳವೆಯಿಂದ ಟ್ಯಾಂಕಿಗೆ ಕಳಿಸುತ್ತದೆ. ಇಂಥ ಅನೇಕ ಗಾಡಿಗಳಲ್ಲಿ ಒತ್ತಡ ಎರಡೂವರೆಯಿಂದ ಮೂರು ಕಿಲೋ ಇರುತ್ತದೆ. ಎಂಜಿನ್ ನಿಂತ ಮೇಲೂ ಅದು ಬೇಗನೆ ಬಿದ್ದುಹೋಗಬಾರದು. ಬಾವಿಯ ಪಂಪಿನ ಬುಡದ ವಾಲ್ವು ಸೋರಿದರೆ ಬೆಳಿಗ್ಗೆ ನೀರು ಏರದು, ಅಲ್ಲವೇ? ಇಲ್ಲಿಯೂ ಹಾಗೆಯೇ.

ಮೊದಲ ಪರೀಕ್ಷೆಗೆ ಕಾಸೂ ಬೇಡ. ಸೆಲ್ಫ್ ಹೊಡೆಯದೆ ಕೀಲಿಯನ್ನು ಆನ್ ಮಾಡಿ. ಪಂಪು ಎರಡು ಮೂರು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುತ್ತದೆ. ಕೀಲಿಯನ್ನು ತಿರುಗಿಸಿ ಆಫ್ ಮಾಡಿ, ಮತ್ತೆ ಆನ್ ಮಾಡಿ. ಹೀಗೆ ಮೂರು ಸಲ ಮಾಡಿದ ಮೇಲೆ ಗಾಡಿ ಥಟ್ಟನೆ ಎದ್ದರೆ, ರಾತ್ರಿ ಒತ್ತಡ ಸೋರಿಹೋಗುತ್ತಿದೆ ಎಂದೇ ಬಲವಾದ ಸಂಶಯ.

ಸೋರುವುದು ಎಲ್ಲಿಂದ? ಇದನ್ನು ಹೇಳುವುದು ಮಿಸ್ತ್ರಿಯ ನಾಲಿಗೆಯಲ್ಲ, ಗೇಜು. ಗೇಜು ಹಾಕಿ ಪಂಪು ಓಡಿಸಿ, ಪಂಪು ನಿಂತ ಕೂಡಲೇ ವಾಪಸು ರಬ್ಬರ್ ಕೊಳವೆಯನ್ನು ಕ್ಲಾಂಪಿನಿಂದ ಹಿಸುಕಬೇಕು. ಮುಳ್ಳು ನಿಂತರೆ ತಪ್ಪು ರೆಗ್ಯುಲೇಟರಿನದು. ನಿಲ್ಲದಿದ್ದರೆ ಮತ್ತೆ ಒತ್ತಡ ಏರಿಸಿ, ಪಂಪಿನಿಂದ ಬರುವ ಕೊಳವೆಯನ್ನು ಹಿಸುಕಬೇಕು. ಈಗ ನಿಂತರೆ ಪಂಪಿನ ವಾಲ್ವು ಅಥವಾ ಟ್ಯಾಂಕಿನೊಳಗಿನ ಕೊಳವೆ. ಎರಡನ್ನೂ ಹಿಸುಕಿದರೂ ಮುಳ್ಳು ಇಳಿದರೆ ಇಂಜೆಕ್ಟರು ತೊಟ್ಟಿಕ್ಕುತ್ತಿರಬಹುದು. ಆದರೆ ಅದಕ್ಕೂ ಮೊದಲು ರೆಗ್ಯುಲೇಟರಿನ ವ್ಯಾಕ್ಯೂಮ್ ಕೊಳವೆ ಬಿಚ್ಚಿ ನೋಡಬೇಕು. ಅದರಲ್ಲಿ ಪೆಟ್ರೋಲಿದ್ದರೆ ಒಳಗಿನ ಪೊರೆ ಹರಿದಿದೆ. ವಾಪಸು ಕೊಳವೆಯಿಲ್ಲದ ಗಾಡಿಗಳಲ್ಲಿ ರೆಗ್ಯುಲೇಟರು ಸಾಮಾನ್ಯವಾಗಿ ಟ್ಯಾಂಕಿನಲ್ಲೇ ಇರುತ್ತದೆ. ಅಲ್ಲಿ ಪರೀಕ್ಷೆ ಬೇರೆ.

ಗೆಳೆಯನ ವ್ಯಾನಿಗೆ ಬೇರೊಬ್ಬ ಮಿಸ್ತ್ರಿ ಹೀಗೆಯೇ ಗೇಜು ಹಾಕಿದ. ಅರ್ಧ ಗಂಟೆಯಲ್ಲಿ ಕಳ್ಳ ಸಿಕ್ಕಿದ: ರೆಗ್ಯುಲೇಟರು! ಹಳೆಯ ಪಂಪು ನಿರಪರಾಧಿ.

ಓಡುವಾಗಲೇ, ಏರು ಹತ್ತುವಾಗ ಗಾಡಿ ಸೊರಗಿದರೂ ಪಂಪಿಗೆ ಗಲ್ಲು ಶಿಕ್ಷೆ ಬೇಡ. ಫಿಲ್ಟರು ಕಟ್ಟಿದೆಯೋ, ಪಂಪಿನ ತಂತಿಗೆ ಬ್ಯಾಟರಿಯಷ್ಟು ವೋಲ್ಟು ಮುಟ್ಟುತ್ತಿದೆಯೋ ಎಂದು ಮೊದಲು ನೋಡಬೇಕು. ಸಿ.ಎನ್.ಜಿ. ಇದೆಯೆಂದು ಪೆಟ್ರೋಲ್ ಟ್ಯಾಂಕನ್ನು ಒಣಗಿಸುವ ಬಂಧುಗಳೇ, ಟ್ಯಾಂಕಿನೊಳಗಿನ ಪಂಪು ತಣ್ಣಗಿರುವುದು ಪೆಟ್ರೋಲಿನಿಂದಲೇ. ಕಾಲು ಟ್ಯಾಂಕಾದರೂ ಇರಲಿ.

ಒಂದು ಎಚ್ಚರಿಕೆ. ಒತ್ತಡದ ಪೆಟ್ರೋಲು ಭಟ್ಟಿಯ ಬೆಂಕಿಗಿಂತ ಕ್ರೂರ. ಪಂಪಿನ ಫ್ಯೂಸು ತೆಗೆದು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಒತ್ತಡ ಇಳಿಸದೆ ಕೊಳವೆ ಬಿಚ್ಚಬಾರದು. ಹೊಟೇಲಿನ ಹಿತ್ತಿಲಲ್ಲಿ, ಬೀಡಿ ಸೇದುತ್ತ ಈ ಕೆಲಸ ಸಲ್ಲದು. ಬಲ್ಲವನೇ ಮಾಡಲಿ, ನಾವು ನಿಂತು ನೋಡೋಣ.

ಗ್ಯಾರೇಜಿನವರು ಹೇಳುತ್ತಾರೆ: "ಗೇಜು ಹಾಕುವ ಹೊತ್ತಿಗೆ ಮಜೂರಿ ಯಾರು ಕೊಡುತ್ತಾರೆ?" ಈ ಮಾತಿನಲ್ಲಿ ಸತ್ಯವಿದೆ, ಆ ಸತ್ಯ ನಮ್ಮ ಕೆನ್ನೆಗೇ ಬಡಿಯುತ್ತದೆ. ಸಾಮಾನಿಗೆ ಸಾವಿರಗಟ್ಟಲೆ ಎಣಿಸುವ ನಾವು, "ಬರೀ ನೋಡಿದ್ದಕ್ಕೆ ದುಡ್ಡೇ?" ಎಂದು ಚೌಕಾಸಿ ಮಾಡುತ್ತೇವೆ. ದುಡಿಮೆಗೆ ಬೆಲೆ ಕೊಡಿ ಎಂದು ಧಣಿಯ ಗಲ್ಲಾದೆದುರು ಕೂಗುವವರು ಮಿಸ್ತ್ರಿಯ ಬುದ್ಧಿಯ ದುಡಿಮೆಗೆ ಬೆಲೆ ಕೊಡದಿದ್ದರೆ ಹೇಗೆ? ಪರೀಕ್ಷೆಗೆ ಕೂಲಿ ಸಿಗದಿದ್ದಾಗ ಅವನು ಸಾಮಾನಿನ ಲಾಭದ ಕಡೆಗೇ ಹೊರಳುತ್ತಾನೆ.

ಗಿರಣಿಯಲ್ಲಿ ದುಡಿದ ಹಿರಿಯರು ಬಲ್ಲರು: ಗೇಜು ನೋಡದೆ ಬಾಯ್ಲರಿಗೆ ಕೈ ಹಚ್ಚುವವನು ಮೂರ್ಖ. ೧೯೮೨ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ವಿವೇಕವೂ ಮುಚ್ಚಿಹೋಗದಿರಲಿ.

ಆದ್ದರಿಂದ ಸಂಘದ ಮುಂದೆ ನನ್ನ ಬೇಡಿಕೆ ಇಷ್ಟೇ. ಸಂಘವು ಒಂದು ಗೇಜು, ಎರಡು ಕ್ಲಾಂಪು ಕೊಳ್ಳಲಿ. ಗಾಡಿಯಿಂದ ಹೊಟ್ಟೆ ಹೊರೆಯುವ ಸದಸ್ಯರು ರಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯಲಿ. ಪರೀಕ್ಷೆಯ ಮಜೂರಿಯನ್ನು ಸಂತೋಷದಿಂದ ಕೊಡೋಣ. ಊಹೆಯ ಬಿಲ್ಲಿಗೆ ಒಂದು ಕಾಸೂ ಬೇಡ. "ಮುಳ್ಳು ಎಲ್ಲಿ ನಿಂತಿತು, ತೋರಿಸಪ್ಪ" ಎಂದು ಕೇಳಲು ನಾಚಬೇಡಿ. ಏಳನೇ ಇಯತ್ತೆ ಓದಿದ ನಾನೇ ಕೇಳುತ್ತೇನೆ. ನೀವೂ ಕೇಳಿ!